ಗಿಡದ ಬುಡಕ ಒಂದು ಚರಗಿ ಮಜ್ಜಿಗಿ

ಖಜೂರ ಹಚ್ತೇನಿ ಅಂತ ಸಸಿ ತಂದ ದಿನ ನಮ್ಮ ಅತ್ತಿ ಮಾರಿ ಊದಿಸ್ಕೊಂಡು ಕುಂತ್ರು. "ಗರಿ ನೋಡು, ಮುಳ್ಳು ನೋಡು. ಈಚಲಾನೇ ಅದ. ಶರಣರ ಮನಿ ಹೊಲದಾಗ ಸೇಂದಿ ಇಳಸೋ ಗಿಡ? ಈಚಲ ಗಿಡದ ಕೆಳಗ ಕುಂತು ಮಜ್ಜಿಗಿ ಕುಡದ್ರೂ ಮಂದಿ ಸೇಂದಿ ಅಂತಾರ. ಆ ಗಿಡ ಇರೋತನಕ ನಾ ಹೊಲದಾಗ ಕಾಲಿಡಂಗಿಲ್ಲ ನೋಡು."

ನಾನೇನು ಕಡಿಮಿ? "ಇಡಬ್ಯಾಡ್ರಿ" ಅಂದೆ. ಭಾತಂಬ್ರಾದ ಹೊಲದಾಗ ತೊಗರಿ ಬಾಜೂಕ ಬರ್ಹಿ ತಳಿ ಸಸಿ ಹಚ್ಚೇ ಬಿಟ್ಟೆ. ಇದು ಅಂಗಡ್ಯಾಗಿನ ಕರೀ ಖಜೂರ ಅಲ್ಲ. ಹಳದಿ ಇದ್ದಾಗೇ ಗೊನಿಯಿಂದ ಕಿತ್ತು ತಿನ್ನೋದು. ಬಿಟ್ರ ಗಿಡದಾಗೇ ಮೆತ್ತಗಾಗಿ ಬೆಲ್ಲದ ಪಾಕ ಆಗ್ತದ.

ಖರೇ ಹೇಳ್ಬೇಕಂದ್ರ, ಅತ್ತಿ ಬರ್ದೇ ಇದ್ದದ್ದು ನನಗ ಚುಚ್ತಿತ್ತು. ಕಲ್ಲು ಆರಿಸಿ ಆರಿಸಿ ಆ ಹೊಲಾನ ಹೊಲ ಮಾಡಿದವರೇ ಅವರು. ದಿನಾ ಸಂಜಿಗೆ "ತೊಗರಿ ಹ್ಯಾಂಗ ಅದ?" ಅಂತ ಕೇಳ್ತಿದ್ರು. ಖಜೂರದ ಸುದ್ದಿ ಬಾಯಾಗ ಬರ್ತಿರ್ಲಿಲ್ಲ. ಅವರಿಲ್ಲದ ಹೊಲ ನನಗ ಬ್ಯಾಸರ, ಆದ್ರ ಸೋಲೋದು ಹ್ಯಾಂಗ?

ಹೂ ಬಿಟ್ಟ ವರ್ಷ ಹೊಸಾ ಫಜೀತಿ. ಖಜೂರದಾಗ ಗಂಡು ಗಿಡ ಬ್ಯಾರೆ, ಹೆಣ್ಣು ಗಿಡ ಬ್ಯಾರೆ. ಗಂಡು ಹೂವಿನ ಹುಡಿ ನಾವೇ ಕೈಲೇ ಹೆಣ್ಣು ಹೂವಿಗೆ ಹಾಕ್ಬೇಕು, ಇಲ್ಲಂದ್ರ ಕಾಯಿ ಜೊಳ್ಳು. ಹೆಣ್ಣು ಗಿಡ ಎಲ್ಲಾ ಹೂ ಬಿಚ್ಚಿ ನಿಂತಾವ, ಗಂಡು ಗಿಡ ಸುಮ್ಮ ಕುಂತದ. ಗಂಡಸರ ಹಣೇಬರಾನೇ ಇಷ್ಟು! ಈಚಲ ಹುಡಿನೂ ನಡೀತದ ಅಂತ ನನಗ ಗೊತ್ತಿತ್ತು. ಆದ್ರ ನಮ್ಮೂರಿನ ಈಚಲ ಎಲ್ಲಾ ಅತ್ತಿನೇ ಮುಂದ ನಿಂತು ಕಡಿಸಿದ್ರು. ಔರಾದದ ತವರಿಗೆ ಓಡಿದೆ. ಹಳ್ಳದ ದಂಡಿ ಮ್ಯಾಲಿನ ಗಂಡು ಈಚಲದ ಹೂಗೊನಿ ಕೊಯ್ಸಿ, ಪೇಪರದಾಗ ಸುತ್ಕೊಂಡು ಬಸ್ ಹತ್ತಿದೆ. ಸೀರಿ ತುಂಬಾ ಬಿಳೀ ಹುಡಿ.

"ಏನ್ರೀ ಅಕ್ಕೋರೆ, ಸೇಂದಿ ಮನ್ಯಾಗೇ ಇಳಸ್ತೀರೇನು?" ಅಂತ ಬಸ್ಸಿನಾಗ ಒಬ್ಬಾಂವ ನಕ್ಕ.

"ಹೌದ್ರಿ, ನಿಮಗೂ ಒಂದು ಕೊಡ ಕಳಸ್ತೇನಿ" ಅಂದೆ. ಅವತ್ತು ಸಂಜಿಗೇ ಹುಡಿ ಹಾಕಿದೆ.

ಶ್ರಾವಣದ ಹೊತ್ತಿಗೆ ಗೊನಿ ಹಳದಿ ಆದ್ವು. ಒಂದು ಗೊನಿ ತಂದು ಅತ್ತಿ ಪೂಜಿ ಮಾಡೋ ಜಗಲಿ ಮುಂದ ಇಟ್ಟೆ. ಅವರು ತಿರುಗಿ ನೋಡ್ಲಿಲ್ಲ. ಅಷ್ಟರಾಗ ಓಣ್ಯಾಗಿನ ಒಬ್ಬಾಕಿ ಬಂದು, "ಏನ್ರೀ ಕಾಕಿ, ನಿಮ್ಮ ಹೊಲದಾಗ ಸೇಂದಿ ಧಂದಾ ಚಾಲೂ ಆಯ್ತಂತಲ್ಲ? ಸೊಸಿ ಔರಾದದಿಂದ ಹೂ ತಂದಾಳಂತ" ಅಂತ ಹಲ್ಲು ಕಿಸಿದ್ಳು.

ಅತ್ತಿ ಕಣ್ಣು ಕೆಂಪಗಾದ್ವು. ಗೊನಿಯಿಂದ ಎರಡು ಹಣ್ಣು ಕಿತ್ರು. "ನಮ್ಮ ಸೊಸಿ ಏನು ಬೆಳದಾಳ, ತಿಂದು ಹೇಳು" ಅಂತ ಒಂದು ಆಕಿ ಕೈಯಾಗಿಟ್ರು. ಇನ್ನೊಂದು ಕೊರಳಾಗಿನ ಲಿಂಗಕ್ಕ ತೋರಿಸಿ ತಾವೇ ಕಚ್ಚಿದ್ರು. ಕಬ್ಬು ಕಡದಂಗ ಸಪ್ಪಳ ಆಯ್ತು.

ಮರುದಿನ ಮುಂಜಾನಿ ಗೊನಿ ಕೊಯ್ಲತ್ತಿದ್ದೆ. ಬದುವಿನ ಮ್ಯಾಲ ಅತ್ತಿ ಬರ್ಲತ್ತಿದ್ರು, ಕೈಯಾಗ ಮಜ್ಜಿಗಿ ಚರಗಿ! ನನಗ ಅಳು ಒತ್ತರಿಸಿ ಬಂತು. ಕೈಯಾಗಿನ ಗೊನಿ ಕೆಳಗಿಟ್ಟು ಎದುರಿಗೆ ಓಡಿದೆ. ಅವರು ಹಾದಿಗೆ ಹತ್ತಿದ ಗಿಡದ ಬುಡಕ, ಎಲ್ಲಾರಿಗೂ ಕಾಣೋ ಹಂಗ, ಸೆರಗು ಸರಿ ಮಾಡ್ಕೊಂಡು ಕುಂತ್ರು. ಗಟಗಟ ಕುಡದ್ರು. ಆಮ್ಯಾಲ ಹಾದ್ಯಾಗ ಹೋಗೋರನ್ನ ಕೂಗಿ ಕೂಗಿ ಕರದ್ರು:

"ಯಾರಿಗೆ ಸಂಶಯ ಅದ, ಬರ್ರಿ. ಇನ್ನೂ ಅರ್ಧ ಚರಗಿ ಅದ."