ಖಾಲಿ ಬಿಟ್ಟ ಮೂರನೆಯ ಕಾಲಂ

ಟ್ರಂಕಿನಲ್ಲಿ ಸರ್ವಿಸ್ ಕಾಗದ ಹುಡುಕುವಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಕಾರ್ಡು ಕೈಗೆ ಬಂತು. ಕೆಳಗೆ ತೂತಿರುವ ಲೈಬ್ರರಿಯ ಕ್ಯಾಟಲಾಗ್ ಕಾರ್ಡು. ಬೆನ್ನಿಗೆ ಹಸಿರು ಇಂಕಿನ ಅಕ್ಷರ… ಚಿಕ್ಕಮಗಳೂರಿನ ನಮ್ಮ ಕಾಲೇಜಿನ ಲೈಬ್ರೇರಿಯನ್ನರದು.

ಎರಡು ಸಾವಿರದ ಆಸುಪಾಸು. ಮೂಡಿಗೆರೆ ಹತ್ತಿರದ ಗೋಣಿಬೀಡಿನಲ್ಲಿ ಮೇಷ್ಟರಾಗಿದ್ದುಕೊಂಡೇ ನಾನು ಎಂ.ಫಿಲ್. ಮಾಡುತ್ತಿದ್ದೆ. ವಿಷಯ, ಕಾಫಿ ಎಸ್ಟೇಟಿನ ಕೂಲಿ ಲೈನಿನ ಮಕ್ಕಳ ದ್ವಿಭಾಷಾ ಶಿಕ್ಷಣ. ಮನೆಯಲ್ಲಿ ತುಳುವೋ ತಮಿಳೋ, ಶಾಲೆಯಲ್ಲಿ ಕನ್ನಡ. ಇದನ್ನು ಮೊದಲು ಯಾರೂ ಮಾಡಿಲ್ಲವೆಂದು ತೋರಿಸದಿದ್ದರೆ ವಿಷಯ ಬದಲಿಸಿ ಎಂದು ಗೈಡ್ ಹೇಳಿಬಿಟ್ಟಿದ್ದರು.

ಲೈಬ್ರರಿಯ ಒಂದೇ ಕಂಪ್ಯೂಟರಿನ ಮುಂದೆ ನಾನೂ ಲೈಬ್ರೇರಿಯನ್ನರೂ ಮೂರು ಶನಿವಾರ ಕೂತೆವು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಶಿಕ್ಷಣದ ಡೇಟಾಬೇಸ್ ಒಂದು, ಸಿ.ಡಿ.ಯಲ್ಲಿದ್ದ ಭಾಷಾಶಾಸ್ತ್ರದ್ದು ಇನ್ನೊಂದು. ಒಂದೇ ಪದವನ್ನು ಎರಡಕ್ಕೂ ಹಾಕಿ, ಸಿಕ್ಕಿದ್ದನ್ನು ಅವರು 'ರದ್ದು' ಸೀಲು ಬಿದ್ದ ಹಳೇ ಕಾರ್ಡುಗಳ ಬೆನ್ನಿಗೆ ಬರೆಯುತ್ತಿದ್ದರು. ಹೊಸ ಹಾಳೆ ಮುಟ್ಟಿದವರೇ ಅಲ್ಲ, ಮಹಾ ಜಿಪುಣರು! ಮೊದಲನೆಯದರಲ್ಲಿ ತರಗತಿಯ ಸಂಗತಿ ಹೆಚ್ಚು, ಎರಡನೆಯದರಲ್ಲಿ ಭಾಷೆಯ ಚರ್ಚೆ ಹೆಚ್ಚು. ಮೂಡಿಗೆರೆ ಕಡೆಯ ಮಕ್ಕಳು ಎರಡರಲ್ಲೂ ಇರಲಿಲ್ಲ. ನನಗೆ ಒಳಗೊಳಗೇ ಖುಷಿ.

ಕೊನೆಯ ಶನಿವಾರ ಈ ಕಾರ್ಡು ಕೊಟ್ಟರು. ಎರಡು ಡೇಟಾಬೇಸಿನ ಎರಡು ಕಾಲಂ ತುಂಬಿತ್ತು. ಮೂರನೆಯದಕ್ಕೆ 'ಇಲ್ಲಿ' ಎಂದು ತಲೆಬರಹ ಹಾಕಿ ಖಾಲಿ ಬಿಟ್ಟಿದ್ದರು.

"ಇವೆರಡ್ರಲ್ಲಿ ಸಿಗ್ಲಿಲ್ಲ ಅಂತ ಎಲ್ಲೂ ಇಲ್ಲ ಅಂತ ಬರ್ದುಬಿಡ್ಬೇಡಿ ಮಾರಾಯ್ರೆ. ನಮ್ಮ ಹಳೇ ಪ್ರಬಂಧಗಳ ಬೀರೂನೂ ಒಂದ್ಸಲ ನೋಡಿ."

"ಅಲ್ಲೇನಿರತ್ತೆ ಸಾರ್, ಇಲಿ ಬಿಟ್ರೆ?" ಎಂದೆ.

ಅವರೂ ನಕ್ಕರು. "ಕಾರ್ಡ್ ಮಾತ್ರ ವಾಪಸ್ ಕೊಡಿ, ಆಯ್ತಾ?" ಎಂದರು. ಹಳೇ ಕಾರ್ಡಿಗೂ ಈ ಜಿಪುಣತನವೇ ಅಂದುಕೊಂಡೆ.

ಬೀರು ತೆಗೆದೂ ನೋಡದೆ 'ಈ ಭಾಗದಲ್ಲಿ ಇದೇ ಮೊದಲ ಅಧ್ಯಯನ' ಎಂದು ಬರೆದೆ. ವೈವಾದಲ್ಲಿ ಆ ಸಾಲಿಗೇ ಮೆಚ್ಚುಗೆ ಬಂತು. ಬೈಂಡ್ ಮಾಡಿಸಿದ ಪ್ರತಿ ಕೊಟ್ಟಾಗ ಅವರು ಆ ಪುಟವನ್ನು ಎರಡು ಸಲ ಓದಿ, "ಚೆನ್ನಾಗಿ ಬಂದಿದೆ" ಎಂದರು. ಕಾರ್ಡು ಕೇಳಲಿಲ್ಲ. ನಿವೃತ್ತರಾಗಿ ಅದೇ ಮೂಡಿಗೆರೆ ಕಡೆಯ ಕಳಸಕ್ಕೆ ಹೋದವರು ಅಲ್ಲೇ ತೀರಿಕೊಂಡರೆಂದು ಆಮೇಲೆ ಯಾರೋ ಹೇಳಿದರು…

ಇವತ್ತು ಮೊದಲ ಸಲ ಕಾರ್ಡು ತಿರುಗಿಸಿದೆ. 'ರದ್ದು' ಸೀಲು ಇರಲಿಲ್ಲ. ಟೈಪು ಮಾಡಿದ ಮೂರು ಸಾಲು: ಕಳಸ ಸೀಮೆಯ ತೋಟದ ಶಾಲೆಗಳಲ್ಲಿ ಮನೆಮಾತು ಮತ್ತು ಕನ್ನಡ, ಎಂ.ಫಿಲ್. ಪ್ರಬಂಧ. ಮೇಲೆ ಅವರದೇ ಹೆಸರು.

ನಾಚಿಕೆಯಾಯಿತು. ಹೇಳಬಾರದಿತ್ತೇ ಪುಣ್ಯಾತ್ಮ, ಎಂದು ಸಿಟ್ಟೂ ಬಂತು. ಆ ಪ್ರಬಂಧವನ್ನಾದರೂ ಓದೋಣವೆಂದು ಕಾಲೇಜಿಗೆ ಫೋನ್ ಮಾಡಿದೆ. ಈಗಿನ ಲೈಬ್ರೇರಿಯನ್ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ದಿದೆ ಸಾರ್, ಅವ್ರದ್ದಿಲ್ಲ" ಎಂದಳು. "ಕಾರ್ಡ್ ಇದ್ದಿದ್ದನ್ನೆಲ್ಲ ಆಗ್ಲೇ ಕಂಪ್ಯೂಟರಿಗೆ ಹತ್ಸಿದ್ರು. ಕಾರ್ಡಿಲ್ದೇ ಇದ್ದಿದ್ದು ರದ್ದಿಗೆ ಹೋಯ್ತಂತೆ."

ಕಾರ್ಡು ನನ್ನ ಕೈಯಲ್ಲೇ ಇತ್ತು.