ಮಂಗಲಾಬಾಯಿಯವರ ಮೀನಿನ ಪೆಟ್ಟಿಗೆ

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ರೋಗಿಯ ಮನೆಯ ಜಗಲಿಯಲ್ಲೇ ರಕ್ತಪರೀಕ್ಷೆಯ ಪುಟ್ಟ ಯಂತ್ರದಿಂದ ಪತ್ತೆಹಚ್ಚುವ ಕೆಲಸಕ್ಕೆ ಕಾರವಾರ, ಅಂಕೋಲಾ ಸೀಮೆಯಲ್ಲಿ ಹಲವು ದೊಡ್ಡವರ ಹೆಸರು ಅಂಟಿಕೊಂಡಿದೆ; ಆದರೆ ಆ ಯಂತ್ರವನ್ನು ನಿಜವಾಗಿ ಗುಡ್ಡ ಹತ್ತಿಸಿದವರು ಪ್ರಯೋಗಾಲಯ ತಂತ್ರಜ್ಞೆ ಶ್ರೀಮತಿ ಮಂಗಲಾ ಹರಿಕಂತ್ರ ಅವರು. ದೇವಬಾಗದ ಮೀನುಗಾರರ ಮನೆಯಲ್ಲಿ ಹುಟ್ಟಿ, ಮೂವತ್ನಾಲ್ಕು ವರ್ಷ ಸೂಜಿ ಹಿಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಕೀರ್ತಿ ಬಂದದ್ದು ಮಾತ್ರ ಒಂದು ಪೆಟ್ಟಿಗೆಯಿಂದ.

ಪರೀಕ್ಷೆಯ ರಾಸಾಯನಿಕಗಳನ್ನು ತಂಪಾಗಿಡಲು ಕೊಟ್ಟ ಸರಕಾರಿ ಪೆಟ್ಟಿಗೆಯ ಮುಚ್ಚಳ ಮೊದಲ ತಿಂಗಳಲ್ಲೇ ಮುರಿಯಿತು. ಹೊಸದಕ್ಕೆ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಯಾತ್ರೆ ಹೊರಟಾಗ, ಮಂಗಲಾಬಾಯಿಯವರು ತಾಯಿಯ ಮೀನಿನ ಪೆಟ್ಟಿಗೆಯನ್ನು ಏಳು ಸಲ ಸೋಪು ಹಾಕಿ ತೊಳೆದು, ಐಸು ತುಂಬಿ ಜೀಪಿಗೆ ಹತ್ತಿಸಿದರು. ತಂಪು ಉಳಿಯಿತು, ವಾಸನೆಯೂ ಉಳಿಯಿತು. ರಾಮನಗುಳಿಯ ಕಡೆ ಜೀಪು ನಿಂತರೆ ಮೊದಲು ಬೆಕ್ಕುಗಳು, ಹಿಂದೆಯೇ ಮೀನು ಬಂತೆಂದು ಪಾತ್ರೆ ಹಿಡಿದ ಹೆಂಗಸರು ಬರುತ್ತಿದ್ದರು. ಜ್ವರದ ಸಮೀಕ್ಷೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಊರು ತಾನಾಗಿ ಸಾಲು ನಿಂತದ್ದನ್ನು ಕಂಡು, ಅವರು ಯಾರ ತಪ್ಪನ್ನೂ ತಿದ್ದಲು ಆತುರಪಡಲಿಲ್ಲ.

ಒಂದು ದಿನ ಆ ಸಾಲಿನಲ್ಲಿ ಹೊನ್ನಿ ಇರಲಿಲ್ಲ. ಪ್ರತಿಸಲ ಎಲ್ಲರಿಗಿಂತ ಮುಂದೆ ಬಂದು, ಮೀನಿಲ್ಲವೆಂದು ಬೈದು ಹೋಗುತ್ತಿದ್ದವಳು ಉದುರಿದ ಒಣ ಎಲೆಯ ದರಕು ತರಲು ಕಾಡಿಗೆ ಹೋಗಿ ಬಂದ ಮೇಲೆ ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದಳು. ರಕ್ತ ದೂರದ ಊರಿಗೆ ಹೋಗಿ ವರದಿ ಬರುವಷ್ಟರಲ್ಲಿ ರೋಗಿಯೇ ಇಲ್ಲವಾದದ್ದನ್ನು ಹಿಂದೆ ಕಂಡಿದ್ದ ಮಂಗಲಾಬಾಯಿಯವರು ಸಾಲನ್ನು ಬಿಟ್ಟು ಯಂತ್ರದೊಡನೆ ಅವಳ ಮನೆಗೇ ನಡೆದರು.

"ಮೀನಿಲ್ದೆ ಪೆಟ್ಗೆ ಹೊತ್ಕಂಡು ಬತ್ತಿ. ರಕ್ತ ಎಂತಕ್ ಕೊಡೂದು?" ಎಂದು ಹೊನ್ನಿ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

"ಹನ್ನೆರಡು ಬಂಗಡೆ ತರ್ತೆ. ಕೈ ಕೊಡು," ಎಂದರು ಮಂಗಲಾಬಾಯಿ.

"ದೊಡ್ಡದಾ?"

"ಮೊಳದುದ್ದದ ಬಂಗಡೆ ಸಮುದ್ರದಲ್ಲೂ ಇಲ್ಲ ಮಾರಾಯ್ತಿ. ಕೈ ಕೊಡು."

ಯಂತ್ರಕ್ಕೆ ಒಂದು ತಾಸು ಬೇಕಿತ್ತು. ಅಷ್ಟರಲ್ಲಿ ಹೊನ್ನಿಯ ಗಂಡ ರಾಮಾ, "ಅನ್ನ ಬೆಂತು, ಇದು ಇನ್ನೂ ಬೇಯಲಿಲ್ವಾ?" ಎಂದು ಹತ್ತು ಸಲ ಬಗ್ಗಿ ನೋಡಿದ. ಕೊನೆಗೆ ಯಂತ್ರ ಮಂಗನ ಕಾಯಿಲೆ ಎಂದೇ ಹೇಳಿತು. ಹೊನ್ನಿಯನ್ನು ಆಗಲೇ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ಮರುದಿನ ಮೂಗಿನಿಂದ ರಕ್ತ ಸುರಿದಾಗ ವೈದ್ಯರು ಪಕ್ಕದಲ್ಲೇ ಇದ್ದರು. ಹೊನ್ನಿ ಬದುಕಿದಳು. ಮಾತಿಗೆ ತಪ್ಪದೆ ಮಂಗಲಾಬಾಯಿಯವರು ಹನ್ನೆರಡು ಬಂಗಡೆ ಹುರಿದು ಒಯ್ದರೆ, ವೈದ್ಯರು ಗಂಜಿ ಮಾತ್ರ ಎಂದರು. ಆ ಬಂಗಡೆ ಯಾರ ಹೊಟ್ಟೆ ಸೇರಿತೆಂದು ಅಲ್ಲಿನ ಸಿಬ್ಬಂದಿ ಇಂದಿಗೂ ಬಾಯಿ ಬಿಟ್ಟಿಲ್ಲ.

ಮೊನ್ನೆ ಕಾರವಾರದ ಬೀಳ್ಕೊಡುಗೆ ಸಭೆಗೆ ಹೊನ್ನಿ ಪಾತ್ರೆ ಹಿಡಿದೇ ಬಂದಳು. ಅಧ್ಯಕ್ಷರ ಭಾಷಣ ಮುಗಿಯುವುದಕ್ಕೂ ಕಾಯದೆ ವೇದಿಕೆ ಹತ್ತಿ, ಎಡಗೈ ಚಾಚಿ ಹೇಳಿದಳು: "ಮೊದ್ಲು ರಕ್ತ ತಗ. ಆಮೇಲೆ ಮೀನು ಕೊಡು." ಮೂವತ್ನಾಲ್ಕು ವರ್ಷದಲ್ಲಿ ಕೇಳದೆ ಬಂದ ಮೊದಲ ಕೈ ಅದು. ಮಂಗಲಾಬಾಯಿಯವರು ಅದನ್ನು ಹಿಡಿದುಕೊಂಡು ಅತ್ತರು.

ಮುಂದಿನ ತಿಂಗಳಿನಿಂದ ಅವರು ಅದೇ ದಾರಿಯಲ್ಲಿ ಮೀನು ಮಾರಲಿದ್ದಾರಂತೆ. ನೂರು ಕಾಲ ಬಾಳಲಿ, ಆ ಗುಡ್ಡಗಳನ್ನು ಹತ್ತುತ್ತಲೇ ಇರಲಿ, ಪೆಟ್ಟಿಗೆಯಲ್ಲಿ ಇನ್ನು ಮುಂದೆ ಮೀನಷ್ಟೇ ಇರಲಿ. ಮೊದಲ ಹನ್ನೆರಡು ಬಂಗಡೆ ಹೊನ್ನಿಯದು.