ಭಾವನ ಹೊಟ್ಟೆಯಳತೆ

ದಕ್ಕೆಯಲ್ಲಿ, ಅಂದರೆ ದೋಣಿಗಳು ಬಂದು ಮೀನು ಇಳಿಸುವ ಆ ಜಾರುಕಟ್ಟೆಯಲ್ಲಿ, ಅವನಿಗೆ ತಕ್ಕಡಿ ಎಂದೇ ಹೆಸರು. ಮೀನು ತೂಗುವ ಕೆಲಸ ಸಿಕ್ಕ ಮೊದಲ ವಾರವೇ ಈ ನಾಮಕರಣ ಆಗಿಹೋಗಿತ್ತು. ಹೆಸರು ಇಟ್ಟವರಿಗೆ ಅವನ ಗುಣ ಗೊತ್ತಿತ್ತು. ತಕ್ಕಡಿ ಯಾವ ಕಡೆ ಭಾರ ಬೀಳುತ್ತದೋ ಆ ಕಡೆ ವಾಲುತ್ತದೆ. ಇವನೂ ಅಷ್ಟೇ.

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಂದ ಮಾತು ಒಂದೇ, "ಹೌದು ಹೌದು." ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಯೊಬ್ಬರು ಫೋನು ತಿರುಗಿಸಿ ಮುರುಗಿಸಿ, "ಇದು ಅಷ್ಟು ಚೆನ್ನಾಗಿಲ್ಲ ಅಲ್ವಾ?" ಎಂದರು. ಇವನು "ಹೌದು ಹೌದು" ಎಂದ. ಹಿಂದೆಯೇ ನಿಂತಿದ್ದ ಮಾಲೀಕ ಅವತ್ತೇ ಮನೆಗೆ ಕಳಿಸಿದ. ಆಮೇಲೆ ಬಸ್ಸಿನಲ್ಲಿ ಕಂಡಕ್ಟರನಾದ. "ಟಿಕೆಟ್ ಆಗಲೇ ತಗೊಂಡೆ" ಎಂದವರಿಗೆಲ್ಲ ಹೌದು ಹೌದು ಎನ್ನುತ್ತ ಬಸ್ಸು ತುಂಬ ಜನ, ಚೀಲ ತುಂಬ ಗಾಳಿ ಹೊತ್ತು ಡಿಪೋಗೆ ಬಂದ. ಹೀಗೆ ಕೈ ಹಿಡಿದ ಕೆಲಸವೆಲ್ಲ ಕೈಬಿಟ್ಟು, ಅಕ್ಕನ ಮನೆಯ ಮೂಲೆಯ ಕೋಣೆಗೆ ಬಂದು ಬಿದ್ದಿದ್ದ. ಅಕ್ಕ ಹೇಳಿಯೂ ಆಗಿತ್ತು: "ನೋಡು, ಈ ಕೆಲಸ ಒಂದು ಸೀಸನ್ನಾದ್ರೂ ಉಳಿಸ್ಕೋ. ಇದೂ ಹೋದ್ರೆ ನಿನ್ನ ಹಾಸಿಗೆ ಸುತ್ತಿ ನಿನ್ನ ತಲೆ ಮೇಲೇ ಇಡ್ತೀನಿ."

"ಹೌದು ಹೌದು" ಎಂದಿದ್ದ ಅವನು.

ಈ ಕೆಲಸ ಹುಟ್ಟಿದ್ದೇ ಬಂಗುಡೆಯಿಂದ. ಕಡಲಲ್ಲಿ ಬಂಗುಡೆ ತೀರಾ ಕಡಿಮೆಯಾಗಿದೆ, ಮೊಟ್ಟೆಯಿಡುವಷ್ಟು ತಾಯಿಮೀನೂ ಉಳಿದಿಲ್ಲ ಎಂದು ಮೀನುಗಾರಿಕೆ ಇಲಾಖೆ ತುರ್ತು ಮಿತಿ ಹೇರಿತು. ದೋಣಿಗೆ ಇಷ್ಟೇ ಕ್ರೇಟು, ಇಡೀ ದಕ್ಕೆಗೆ ಸೀಸನ್ನಿಗೆ ಇಷ್ಟೇ ತೂಕ. ಅದು ದಾಟಿತೋ, ದಕ್ಕೆಗೆ ಬೀಗ, ತೂಗುವವನಿಗೂ ಮನೆದಾರಿ. ತೂಗಲು ಒಬ್ಬ ಬೇಕಿತ್ತು. ದಿನಗೂಲಿಗೆ, ಮೀನು ವಾಸನೆಗೆ ಮೂಗು ಮುಚ್ಚದವನು. ತಕ್ಕಡಿ ಮೂಗು ಮುಚ್ಚಿಕೊಂಡೇ ಅರ್ಜಿ ಕೊಟ್ಟು ಬಂದಿದ್ದ.

ಆದರೆ ಅಲ್ಲೊಂದು ಹಳೆಯ ವಾಡಿಕೆ ಇತ್ತು, ಮನೆಪಾಲು. ದೋಣಿಯಲ್ಲಿ ದುಡಿದ ಪ್ರತಿಯೊಬ್ಬನೂ ಇಳಿಯುವಾಗ ಮನೆಯವರ ಊಟಕ್ಕೆಂದು ನಾಲ್ಕು ಮೀನು ಕೈಯಲ್ಲಿ ಹಿಡಿದು ಹೋಗುತ್ತಾನೆ. ಅದನ್ನು ಯಾರೂ ತೂಗುವುದಿಲ್ಲ. ಉಣ್ಣುವವನ ತಟ್ಟೆಗೆ ತಕ್ಕಡಿ ಹಿಡಿಯಬಾರದು ಅನ್ನುವುದು ದಕ್ಕೆಯ ಮಾತು. ಇಲಾಖೆಯ ಆದೇಶವೂ ಅದನ್ನು ಮುಟ್ಟಿರಲಿಲ್ಲ.

ಸರ್ಕಾರ ಚಾಪೆ ಕೆಳಗೆ ತೂರಿದರೆ ದೋಣಿಯವರು ರಂಗೋಲಿ ಕೆಳಗೆ ತೂರಿದರು. ಮಿತಿ ಬಂದ ಮರುದಿನದಿಂದ ಎಲ್ಲರ ಮನೆಯಲ್ಲೂ ಹಸಿವು ಹೆಚ್ಚಾಯಿತು. ಕೈಯಲ್ಲಿ ತೂಗಾಡುತ್ತಿದ್ದ ಮನೆಪಾಲು ಪ್ಲಾಸ್ಟಿಕ್ ಚೀಲಕ್ಕೆ ಬಂತು, ಚೀಲದಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಡ್ರಮ್ಮಿಗೆ. ಮದುವೆಯೇ ಆಗದ ಇಂಜಿನ್ ಮೆಕ್ಯಾನಿಕ್ ಒಬ್ಬ ಕೈಗಾಡಿ ತಳ್ಳಿಕೊಂಡು ಬಂದ.

"ಇದು ಮನೆಪಾಲಾ?" ಎಂದ ತಕ್ಕಡಿ, ಆದಷ್ಟು ಮೆಲ್ಲಗೆ.

"ಮನೆ ದೊಡ್ಡದಪ್ಪ" ಎಂದ ಮೆಕ್ಯಾನಿಕ್. ಅವನ ತೋಳೂ ದೊಡ್ಡದಿತ್ತು.

"ಹೌದು ಹೌದು" ಎಂದ ತಕ್ಕಡಿ. ಗಾಡಿ ದಿಬ್ಬ ಏರುವಾಗ ಹಿಂದಿನಿಂದ ಒಂದಿಷ್ಟು ನೂಕಿಯೂ ಕೊಟ್ಟ.

ಎಲ್ಲರಿಗಿಂತ ದೊಡ್ಡ ಡ್ರಮ್ಮು ಅವನ ಸ್ವಂತ ಭಾವನದು. ಭಾವ ದೋಣಿ ನಡೆಸುವವ. ದಕ್ಕೆಯಲ್ಲಿ ಅವನಿಗಿಂತ ಮೊದಲು ಅವನ ಹೊಟ್ಟೆ ಕಾಣಿಸುತ್ತಿತ್ತು. ಅವನು ದೋಣಿಯ ಮುಂಭಾಗದಲ್ಲಿ ನಿಂತರೆ ಹಿಂಭಾಗ ನೀರಿನಿಂದ ಮೇಲೇಳುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಅಂಥ ಹೊಟ್ಟೆಯವನು ಡ್ರಮ್ಮು ಹೊತ್ತರೆ ಯಾರಿಗೆ ಅನುಮಾನ?

ನಿಜ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ತಕ್ಕಡಿಗೆ ಮಾತ್ರ. ಭಾವ ಮೀನು ಬಾಯಿಗಿಡುತ್ತಿರಲಿಲ್ಲ. ಹುಡುಗನಾಗಿದ್ದಾಗ ಅವನಿದ್ದ ದೋಣಿ ಇಂಜಿನ್ ಕೆಟ್ಟು ನಡುಗಡಲಲ್ಲಿ ನಿಂತುಬಿಟ್ಟಿತ್ತಂತೆ. ಯಾರೋ ಬಂದು ಎಳೆದೊಯ್ಯುವವರೆಗೆ ಬೆಳಿಗ್ಗೆಯೂ ಬೇಯಿಸಿದ ಬಂಗುಡೆ, ಸಂಜೆಯೂ ಬೇಯಿಸಿದ ಬಂಗುಡೆ, ಉಪ್ಪೂ ಇಲ್ಲದ್ದು. "ಹಸಿ ಮೀನು ಸಂಬಳದ ವಾಸನೆ ಕಣೋ, ಎಷ್ಟು ಬೇಕಾದ್ರೂ ಹೊರ್ತೀನಿ" ಎನ್ನುತ್ತಿದ್ದ ಭಾವ. "ಬೆಂದ್ರೆ ಸಾಕು, ಆ ದೋಣಿ ಮತ್ತೆ ತೂಗಾಡೋಕೆ ಶುರುವಾಗುತ್ತೆ." ಮನೆಯಲ್ಲಿ ಅವನ ಊಟ ಮೊಟ್ಟೆ. ಆ ಹೊಟ್ಟೆ ಕಟ್ಟಿದ್ದೆಲ್ಲ ಕೋಳಿಗಳು.

ಹಾಗಾದರೆ ಡ್ರಮ್ಮಿನ ಮೀನು ಏನಾಗುತ್ತಿತ್ತು? ಪಕ್ಕದ ಮನೆಯ ಟೈಲರಮ್ಮನಿಗೆ ಹೋಗುತ್ತಿತ್ತು. ಟೈಲರಮ್ಮ ಸಂಕೋಚದ ಹೆಂಗಸು, ಬಿಟ್ಟಿ ತಿನ್ನುವವಳಲ್ಲ. ಮೀನಿಗೆ ಬದಲಾಗಿ ಏನಾದರೂ ಹೊಲಿದು ಕೊಡುತ್ತಿದ್ದಳು. ನಾಲ್ಕು ಮೀನಿನ ಕಾಲದಲ್ಲಿ ಅದು ಆಗೊಂದು ಈಗೊಂದು ಕರವಸ್ತ್ರ. ಡ್ರಮ್ಮಿನ ಕಾಲ ಬಂದ ಮೇಲೆ ಅಕ್ಕನ ಮನೆಗೆ ಮನೆಯೇ ಬಟ್ಟೆ ತೊಟ್ಟಿತು. ಟಿವಿಗೆ ಗವಸು, ರಿಮೋಟಿಗೆ ಗವಸು, ಮಿಕ್ಸಿಗೆ ಕಾಲರಿರುವ ಅಂಗಿ, ನೀರಿನ ಕೊಡಕ್ಕೆ ಲಂಗ. ತಕ್ಕಡಿಯ ದಿಂಬಿನ ಸುತ್ತ ಎಷ್ಟು ಝಾಲರಿ ಎಂದರೆ ಮಲಗಿದಾಗೆಲ್ಲ ಮೂಗಿಗೆ ಕಚಗುಳಿ ಇಟ್ಟು ಸೀನು ಬರುತ್ತಿತ್ತು. ಟೈಲರಮ್ಮ ತಾನು ತಿಂದು ಉಳಿದದ್ದನ್ನು ಹಿಂದಿನ ಗಲ್ಲಿಯಲ್ಲಿ ಕೊಡೆ ಬಿಚ್ಚಿ ಕೂತು ಮಾರುತ್ತಿದ್ದಳು. ಅವಳ ಪಕ್ಕ ಬೇರೆ ಮನೆಗಳ ಕೊಡೆಗಳೂ ಬಿಚ್ಚಿಕೊಂಡವು. ಮಳೆಯಿಲ್ಲ, ಬಿಸಿಲಿಲ್ಲ, ಗಲ್ಲಿ ತುಂಬ ಕೊಡೆ.

ಒಂದು ದಿನ ಇಲಾಖೆಯ ಮೇಡಂ ಆ ಗಲ್ಲಿಗೇ ಬಂದುಬಿಟ್ಟರು. ಅಲ್ಲಿಂದ ನೇರ ದಕ್ಕೆಗೆ.

"ಏನಪ್ಪಾ, ನಿನ್ನ ತಕ್ಕಡಿ ದಾಟಿ ಒಂದು ಇಡೀ ಸಮುದ್ರವೇ ಹೊರಗೆ ಹೋಗಿದೆಯಲ್ಲ!"

"ಹೌದು ಹೌದು ಮೇಡಂ."

"ಹೌದಾ? ಗೊತ್ತಿತ್ತಾ ನಿನಗೆ?"

ಇದಕ್ಕೆ ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ತಕ್ಕಡಿ ಒಂದು ಸೀನು ಸೀನಿ ಪಾರಾಗಲು ನೋಡಿದ.

ಮೇಡಂ ಹರಾಜು ಕಟ್ಟೆಯ ಮೇಲೆ ನಿಂತು ಎಲ್ಲರನ್ನೂ ಕರೆದರು. "ಮನೆಪಾಲು ನಿಲ್ಲಿಸೋದಿಲ್ಲ. ಆದರೆ ಇನ್ನು ಅದೂ ದಕ್ಕೆಯ ಮಿತಿಯ ಲೆಕ್ಕಕ್ಕೇ ಸೇರುತ್ತೆ, ಅದಕ್ಕೂ ಒಂದು ಅಳತೆ ಬೇಕು. ಹೀಗೇ ಹೋದರೆ ಮಿತಿ ಈ ವಾರವೇ ದಾಟುತ್ತೆ. ದಕ್ಕೆಗೆ ಬೀಗ, ಇವನಿಗೂ ಬೀಗ."

ಗದ್ದಲ ಎದ್ದಿತು. ಮನೆಯ ಹಸಿವಿಗೆ ಅಳತೆ ಹಾಕುವುದು ಹೇಗೆ ಎಂದು ಒಬ್ಬ. ನಮ್ಮತ್ತೆ ಒಬ್ಬಳೇ ಒಂದು ಬುಟ್ಟಿ ತಿನ್ನುತ್ತಾಳೆ ಎಂದು ಇನ್ನೊಬ್ಬ. ಆ ಅತ್ತೆಯೂ ಅಲ್ಲೇ ಇದ್ದಳು. ಅವನ ಬೆನ್ನಿಗೆ ಬಿದ್ದ ಏಟು ಎಲ್ಲರಿಗೂ ಕೇಳಿಸಿತು. ಮೇಡಂಗೆ ತಲೆ ಕೆಟ್ಟುಹೋಯಿತು. "ಸರಿ! ನಿಮ್ಮಲ್ಲೇ ಒಬ್ಬರನ್ನ ಆರಿಸಿ. ನಾಳೆ ಮಧ್ಯಾಹ್ನ ನನ್ನ ಕಣ್ಣೆದುರು ಕೂತು ತಿನ್ನಲಿ. ಅವರು ಎಷ್ಟು ತಿಂತಾರೋ ಅಷ್ಟೇ ಪ್ರತಿಯೊಬ್ಬನ ಮನೆಪಾಲು. ಆಯ್ತಾ?"

ಜನ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಎಲ್ಲರ ಕಣ್ಣೂ ಒಂದೇ ಕಡೆ ಹೋದವು. ಹೊಟ್ಟೆಯನ್ನು ಮುಂದಿಟ್ಟುಕೊಂಡು ನಿಂತಿದ್ದ ಭಾವನನ್ನು ನಾಲ್ಕು ಜನ ಎತ್ತಲು ನೋಡಿ, ಆಗದೆ, ಆರು ಜನ ಎತ್ತಿದರು.

ಆ ಸಂಜೆ ಮನೆಯಲ್ಲಿ ಸೂತಕದ ಕಳೆ. ಭಾವ ಮಿಕ್ಸಿಯ ಕಾಲರನ್ನು ಹಿಡಿದುಕೊಂಡು ಕೂತಿದ್ದ.

"ಹೊಟ್ಟೆನೋವು ಅಂತ ಹೇಳಿಬಿಡೋ ಮೇಡಂಗೆ. ನಿನ್ನ ಮಾತು ಕೇಳ್ತಾರೆ."

"ನನ್ನ ಮಾತಾ?" ಎಂದ ತಕ್ಕಡಿ. ಅವನಿಗೇ ನಗು ಬಂತು.

"ಸತ್ಯ ಹೇಳಿಬಿಡಿ, ಮೀನು ತಿನ್ನಲ್ಲ ಅಂತ" ಎಂದಳು ಅಕ್ಕ.

"ಹೇಳಿ? ದಕ್ಕೆಯಲ್ಲಿ ತಲೆ ಎತ್ತಿ ನಡಿಯೋದು ಬೇಡ್ವಾ? ಮೀನು ತಿನ್ನದ ದೋಣಿಯವನು! ಈಜು ಬರದ ಬಾತುಕೋಳಿ ಅಂತಾರೆ ನನ್ನ!"

ಅಕ್ಕ ಒಂದೇ ಒಂದು ಬಂಗುಡೆ ಹುರಿದು ಅಭ್ಯಾಸಕ್ಕೆಂದು ಮುಂದಿಟ್ಟಳು. ಭಾವ ಕಣ್ಣು ಮುಚ್ಚಿದ. ಮೂಗನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮುಚ್ಚಿದ. ಬಾಯಿ ಮಾತ್ರ ತೆರೆಯಲಿಲ್ಲ.

ತಕ್ಕಡಿ ಝಾಲರಿ ದಿಂಬಿನ ಮೇಲೆ ಹೊರಳಾಡಿದ. ಭಾವ ತಿಂದರೆ ಡ್ರಮ್ಮುಗಳು ಉಳಿಯುತ್ತವೆ, ಬಂಗುಡೆಯೂ ಅವನ ಕೆಲಸವೂ ಒಟ್ಟಿಗೆ ಮುಗಿಯುತ್ತವೆ. ಭಾವ ತಿನ್ನದಿದ್ದರೆ ಕೆಲಸ ಉಳಿಯುತ್ತದೆ, ಭಾವ ಉಳಿಯುವುದಿಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮರುದಿನ ಹರಾಜು ಕಟ್ಟೆಯ ನಡುವೆ ಮೇಜು, ಮೇಜಿನ ಮೇಲೆ ಬೆಟ್ಟದಂತೆ ಹುರಿದ ಬಂಗುಡೆ. ಕ್ಯಾಂಟೀನಿನವನು ಇನ್ನೂ ಹುರಿಯುತ್ತಲೇ ಇದ್ದ. ಒಂದು ಬದಿಗೆ ಮೇಡಂ, ಇನ್ನೊಂದು ಬದಿಗೆ ತೂಕದ ಯಂತ್ರದ ಪಕ್ಕ ತಕ್ಕಡಿ. ಮೆಕ್ಯಾನಿಕ್ ಕೈಗಾಡಿಯನ್ನು ಈಗಲೇ ತೊಳೆದು ತಂದಿದ್ದ.

"ಹೊಡೀರಿ ಅಣ್ಣಾ! ಬೆಟ್ಟ ಬಯಲು ಮಾಡಿ!"

"ಬೆಳಿಗ್ಗೆಯಿಂದ ಏನೂ ತಿಂದಿಲ್ವಂತೆ, ಮುಖ ನೋಡು ಹೇಗೆ ಹಸಿದಿದೆ!"

ಭಾವನ ಮುಖ ಹಸಿದಿರಲಿಲ್ಲ, ಹಸಿರಾಗಿತ್ತು. ಮೊದಲನೆಯ ಮೀನನ್ನು ಬಾಲದ ಕಡೆಯಿಂದ ಶುರು ಮಾಡಿದ. ಕಣ್ಣಲ್ಲಿ ನೀರು ಇಳಿಯಿತು. "ನೋಡ್ರೋ, ಖುಷಿಗೆ ಅಳ್ತಾ ಇದ್ದಾರೆ!" ಎಂದು ಜನ ಚಪ್ಪಾಳೆ ಹೊಡೆದರು. ಎರಡನೆಯದು ಇಳಿಯುವಾಗ ಭಾವ ಮೇಜನ್ನು ಹಿಡಿದುಕೊಂಡ. ನೆಲ ಅಲುಗುತ್ತಿರಲಿಲ್ಲ, ಅವನು ಮಾತ್ರ ದೋಣಿಯಲ್ಲಿ ಕೂತವನಂತೆ ಆಚೆಗೊಮ್ಮೆ ಈಚೆಗೊಮ್ಮೆ ತೂಗಾಡುತ್ತಿದ್ದ. ಮೂರನೆಯದನ್ನು ತುಟಿಗೆ ತಂದ, ಹಾಗೆಯೇ ಎದ್ದ. ಆ ಹೊಟ್ಟೆ ಅಷ್ಟು ವೇಗವಾಗಿ ಓಡಿದ್ದನ್ನು ದಕ್ಕೆ ಅದುವರೆಗೆ ಕಂಡಿರಲಿಲ್ಲ. ಕಟ್ಟೆಯ ಅಂಚಿಗೆ ಹೋಗಿ, ಬಗ್ಗಿ, ಕಡಲಿನಿಂದ ತಂದದ್ದನ್ನು ಕಡಲಿಗೇ ಒಪ್ಪಿಸಿಬಿಟ್ಟ.

ಎಲ್ಲರೂ ಬಾಯಿ ತೆರೆದು ನಿಂತರು. ಮೇಲೆ ಹಾರುತ್ತಿದ್ದ ಹಕ್ಕಿಗಳು ಮಾತ್ರ ಕೆಳಗಿಳಿದವು.

ಮೇಡಂ ಕನ್ನಡಕ ಸರಿ ಮಾಡಿಕೊಂಡರು. "ನಿಯಮದ ಪ್ರಕಾರ ಕಡಲಿಗೆ ಮರಳಿ ಬಿಟ್ಟ ಮೀನು ಲೆಕ್ಕಕ್ಕೆ ಬರೋದಿಲ್ಲ. ಹಾಗಾದರೆ ಮನೆಪಾಲು ಸೊನ್ನೆ. ಅಲ್ವೇನಪ್ಪಾ ತಕ್ಕಡಿ?"

ಸೊನ್ನೆ! ದಕ್ಕೆಯ ಅಷ್ಟೂ ಕಣ್ಣು ಭಾವನ ಬೆನ್ನಿನ ಮೇಲೆ ಬಿದ್ದವು. ಮೆಕ್ಯಾನಿಕ್ ತೋಳು ಮೇಲೇರಿಸಿದ. ಭಾವ ಇನ್ನೂ ಬಗ್ಗಿಯೇ ಇದ್ದ. ಒಂದು ಸಣ್ಣ ನೂಕು ಸಾಕಿತ್ತು. ಮನೆಪಾಲು ಸೊನ್ನೆಯಾದರೆ ಮಿತಿ ದಾಟುವ ಮಾತೇ ಇಲ್ಲ, ತಕ್ಕಡಿಯ ಕೆಲಸ ಭದ್ರ. ಅವನು ಹೇಳಬೇಕಾಗಿದ್ದದ್ದು ಜೀವಮಾನವಿಡೀ ಹೇಳಿಕೊಂಡು ಬಂದ ಎರಡೇ ಪದ. ಬಾಯಿ ತೆರೆದ. "ಹೌ" ಎಂದ. ಭಾವ ಅಲ್ಲಿಂದಲೇ ತಲೆ ತಿರುಗಿಸಿ ನೋಡಿದ. ಮೂಗಿನ ಮೇಲೆ ಕ್ಲಿಪ್ಪಿನ ಗುರುತು ಇನ್ನೂ ಇತ್ತು.

"ಅಲ್ಲ ಮೇಡಂ" ಎಂದ ತಕ್ಕಡಿ.

ಯಾರು ಮಾತಾಡಿದ್ದೆಂದು ತಿಳಿಯದೆ ಅವನೇ ಒಮ್ಮೆ ಹಿಂದೆ ತಿರುಗಿ ನೋಡಿದ.

"ಏನು ಅಲ್ಲ?"

"ಎರಡು ಮೀನು ಗಂಟಲು ದಾಟಿದ್ದು ನಾನು ನೋಡಿದ್ದೀನಿ. ನನ್ನ ಯಂತ್ರದಲ್ಲೂ ಅಷ್ಟೇ ಮೇಡಂ, ತಟ್ಟೆ ಮೇಲೆ ಇಳಿದ ಕೂಡಲೇ ತೂಕ ಬೀಳುತ್ತೆ. ಆಮೇಲೆ ಅದು ಎದ್ದು ಎಲ್ಲಿಗಾದ್ರೂ ಹೋಗ್ಲಿ, ಬಿದ್ದ ತೂಕ ಬಿದ್ದಿದ್ದೇ. ಇಳಿದದ್ದಕ್ಕೆ ಲೆಕ್ಕ, ಹತ್ತಿದ್ದಕ್ಕೆ ಲೆಕ್ಕ ಇಲ್ಲ. ಎರಡು."

ಮೇಡಂ ಯೋಚಿಸಿದರು. ನಗು ತಡೆಯಲು ಕೆಮ್ಮಿದರು. "ಎರಡಕ್ಕೆ ಮಿತಿ ದಾಟಲ್ಲ ತಾನೇ?"

"ಎರಡಕ್ಕೆ ದಾಟಲ್ಲ ಮೇಡಂ. ಡ್ರಮ್ಮಿಗೆ ದಾಟುತ್ತೆ."

"ಎರಡೇನಾ?" ಎಂದು ಮೆಕ್ಯಾನಿಕ್ ಅಬ್ಬರಿಸಿದ. "ಇಷ್ಟು ದೊಡ್ಡ ಹೊಟ್ಟೆಗೆ ಎರಡೇನಾ? ಏನಣ್ಣಾ ಇದು ಮೋಸ?"

ಭಾವ ಬಾಯಿ ಒರೆಸಿಕೊಂಡು ಬಂದು ಮೇಜಿಗೆ ಒರಗಿದ. ಹೋಗಬೇಕಾದ ಮಾನ ಹಕ್ಕಿಗಳ ಪಾಲಾಗಿತ್ತು. "ನಾನು ಬಂಗುಡೆ ತಿನ್ನಲ್ಲ ಕಣ್ರಪ್ಪಾ" ಎಂದ. "ಹುಡುಗನಾಗಿದ್ದಾಗಿಂದ ತಿಂದಿಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ."

ಈಗ ಬಿತ್ತು ಏಟು ಎಂದು ತಕ್ಕಡಿ ಯಂತ್ರದ ಹಿಂದೆ ಸರಿದ. ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯನಾದ ಬಲೆ ನೇಯುವ ಅಜ್ಜ ಗಂಟಲು ಸರಿಮಾಡಿಕೊಂಡ.

"ನಾನೂ ತಿನ್ನಲ್ಲ."

"ಅಜ್ಜಾ, ನೀವೂನಾ?"

"ದಿನಾ ನೋಡಿ ನೋಡಿ ಸಾಕಾಗಿದೆಯಪ್ಪ. ನನಗೆ ಬೇಳೆ, ಬ್ರೆಡ್ಡು ಸಾಕು. ಹೇಳಿದ್ರೆ ನೀವು ನಗ್ತೀರ ಅಂತ ಇಷ್ಟು ವರ್ಷ ಸುಮ್ಮನಿದ್ದೆ."

ಮೆಕ್ಯಾನಿಕ್ಕಿನ ತೋಳು ನಿಧಾನಕ್ಕೆ ಕೆಳಗಿಳಿಯಿತು. ಅವನು ಕೈಗಾಡಿಯ ಚಕ್ರ ನೋಡುತ್ತ, "ನನಗೆ ಮುಳ್ಳು ಕಂಡ್ರೆ ಭಯ" ಎಂದ. ಅದಾದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಬಂಗುಡೆಗಾಗಿ ಇಲಾಖೆಯೊಂದಿಗೆ ಕುಸ್ತಿಗೆ ನಿಂತಿದ್ದ ದಕ್ಕೆಯಲ್ಲಿ ಬಂಗುಡೆ ಇಷ್ಟಪಟ್ಟು ತಿನ್ನುವವರು ಹುಡುಕಿದರೆ ಮೇಡಂ ಒಬ್ಬರೇ. ಹುರಿದ ಬೆಟ್ಟವನ್ನು ಅವರು ಡಬ್ಬಿಗೆ ತುಂಬಿಸಿಕೊಂಡು ಜೀಪು ಹತ್ತುವಾಗ, ಅದನ್ನು ತೂಗಬೇಕೇ ಬೇಡವೇ ಎಂದು ತಕ್ಕಡಿಗೆ ತಿಳಿಯಲಿಲ್ಲ. ಧೈರ್ಯ ಒಂದು ದಿನಕ್ಕೆ ಒಂದೇ ಸಲ ಬರುವಂಥದ್ದು. ಸುಮ್ಮನೆ ಸಲಾಮು ಹೊಡೆದ.

ಅವತ್ತಿನಿಂದ ಮನೆಪಾಲು ತಲೆಗೆ ಎರಡು. ದಕ್ಕೆಯಲ್ಲಿ ಅದಕ್ಕೆ ಭಾವನ ಹೊಟ್ಟೆ ಎಂದೇ ಹೆಸರಾಯಿತು. "ನಿನ್ನ ಒಂದು ಹೊಟ್ಟೆ ತಗೊಂಡ್ಯಾ?" ಎಂದು ಕೇಳಿ, ಎರಡು ಮೀನು ಎತ್ತಿಕೊಡುತ್ತಿದ್ದರು. ಸೀಸನ್ನು ಮುಗಿಯಿತು, ಮಿತಿ ದಾಟಲಿಲ್ಲ, ದಕ್ಕೆಗೆ ಬೀಗ ಬೀಳಲಿಲ್ಲ. ಇವನನ್ನು ಮುಂದಿನ ಸೀಸನ್ನಿಗೂ ಇಟ್ಟುಕೊಳ್ಳಿ ಎಂದು ಮೇಡಂ ಹೇಳಿಹೋದರು. ಅಕ್ಕ ಹಾಸಿಗೆ ಸುತ್ತಲಿಲ್ಲ.

ನಷ್ಟವಾದದ್ದು ಹೊಲಿಗೆಗೆ ಮಾತ್ರ. ಎರಡು ಮೀನಿಗೆ ಎಷ್ಟು ಹೊಲಿಯಬಹುದೋ ಅಷ್ಟೇ ಹೊಲಿದಳು ಟೈಲರಮ್ಮ. ತಕ್ಕಡಿಗೆಂದು ಕತ್ತರಿಸಿಟ್ಟಿದ್ದ ಹೊಸ ಅಂಗಿಗೆ ಒಂದು ತೋಳು ಬಂದಿತ್ತು, ಇನ್ನೊಂದು ಬರಬೇಕಿತ್ತು.

"ಎರಡನೇ ತೋಳು ಬರೋದಕ್ಕೆ ಸ್ವಲ್ಪ ತಡ ಆಗುತ್ತಂತೆ" ಎಂದಳು ಅಕ್ಕ. "ಅಲ್ಲಿವರೆಗೆ ಹೀಗೇ ಹಾಕ್ಕೋತೀಯಾ?"

ತಕ್ಕಡಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದ. ಮಿಕ್ಸಿಯ ಅಂಗಿಗೂ ಎರಡು ತೋಳಿತ್ತು.

"ಹೌದು ಹೌದು" ಎಂದ.